ಶಾಂತಿಸೇತುವಿನ ಕಕ್ಕಸು

"ಒಳಗ್ಯಾರೇ ಅದು? ಏಯ್, ತೆಗಿಯೇ ಬಾಗಿಲು! ಗೆಸ್ಟುಗಳು ಕೂರೋ ಜಾಗದಲ್ಲಿ ಕೂರೋಕೆ ನಿಮ್ಮಪ್ಪ ಕಟ್ಟಿಸಿದ್ನೇನೇ ಇದನ್ನ?"

ರಘುನಂದನ್ ಕಕ್ಕಸಿನ ಬಾಗಿಲನ್ನು ಬೂಟುಗಾಲಲ್ಲಿ ಒದೆಯುತ್ತಿದ್ದ. ನಾನು ನೆಲ ಒರೆಸುವ ಕೋಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಒಳಗಿದ್ದವಳು ಸೀತಮ್ಮ. ಬಾಗಿಲು ತೆಗೆದು ಹೊರಗೆ ಬಂದಾಗ ಅವಳ ಕೈ ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿತ್ತು.

"ತಡಕೊಳ್ಳಕಾಗ್ನಿಲ್ಲ ಬುದ್ಧಿ. ಸಕ್ಕರೆ ಕಾಯ್ಲೆ..."

"ಕಾಯಿಲೆ ಇದ್ರೆ ಬಟ್ಟೆ ಕಟ್ಕೊ. ರಸ್ತೆ ದಾಟಿದ್ರೆ ಬಯಲಿದೆ, ಅಲ್ಲಿಗೆ ಹೋಗೋಕೇನು ದಾಡಿ ನಿನಗೆ? ಇವತ್ತು ಫಾರಿನ್ನವರು ಇದಾರೆ ಅಂತ ಸುಮ್ಮನಿದೀನಿ. ನಾಳೆಯಿಂದ ಬರಬೇಡ. ರೂಮೂ ಖಾಲಿ ಮಾಡು. ಚಲೋ!"

ಅಷ್ಟು ಹೇಳಿ, ಫಿನಾಯಿಲ್ ಬಾಟಲಿಯನ್ನು ನೆಲದ ಮೇಲಿಟ್ಟು ಹೋದ. ನಮ್ಮ ಕೈಗೆ ಅವನು ಯಾವತ್ತೂ ಏನನ್ನೂ ಕೊಟ್ಟವನಲ್ಲ. ನೆಲದ ಮೇಲೆ ಇಡುತ್ತಾನೆ, ನಾವು ಎತ್ತಿಕೊಳ್ಳಬೇಕು. ಸೀತಮ್ಮ ಅಲ್ಲೇ ಗೋಡೆಗೆ ಒರಗಿ ಅತ್ತಳು. ಗಂಡ ಸತ್ತವಳು, ಮಕ್ಕಳಿಲ್ಲದವಳು. ನಮ್ಮಿಬ್ಬರ ವಾಸ ದತ್ತಾತ್ರೇಯ ಬುದ್ಧಿಯವರ ಮನೆಯ ತಾರಸಿ ಕೋಣೆಯಲ್ಲಿ. ಕೆಲಸ ಹೋದರೆ ತಲೆ ಮೇಲಿನ ಸೂರೂ ಹೋದಂತೆ.

ಬುದ್ಧಿಯವರು ನಂಜನಗೂಡು ಕಡೆಯ ನಮ್ಮೂರಿನವರೇ. ದೊಡ್ಡ ಆಫೀಸರಾಗಿದ್ದವರು. ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಮನೆಯಲ್ಲಿದ್ದಾಗ, "ಇಲ್ಲಿಯವರನ್ನ ನಂಬೋಕಾಗಲ್ಲ, ನಮ್ಮ ಕಡೆಯವರಾದ್ರೆ ಹೇಳಿದ ಹಾಗೆ ಕೇಳ್ತಾರೆ" ಎಂದು ನಮ್ಮ ಕೇರಿಯಿಂದ ನಮ್ಮಿಬ್ಬರನ್ನು ರೈಲು ಹತ್ತಿಸಿಕೊಂಡು ಬಂದರು. ರಿಟೈರಾದ ಮೇಲೆ ಗ್ರೇಟರ್ ನೋಯ್ಡಾದಲ್ಲಿ ಮನೆ ಕಟ್ಟಿಸಿದರು. ಹತ್ತಿರದ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಶಾಂತಿಸೇತು ಎಂಬ ಸಂಸ್ಥೆ ತೆರೆದು, ಅಕ್ಕನ ಮಗ ರಘುನಂದನನ್ನು ಮ್ಯಾನೇಜರ್ ಮಾಡಿದರು.

ಎಲ್ಲೆಲ್ಲಿ ಜನ ಹೊಡೆದಾಡುತ್ತಾರೋ ಅಲ್ಲಿನ ಹಳ್ಳಿಯ ಸಣ್ಣ ಸಣ್ಣ ಸಂಘಗಳಿಗೆ, ಕೈ ಎತ್ತದೆ ಶಾಂತಿ ಕಟ್ಟುವವರಿಗೆ, ಬೆನ್ನೆಲುಬಾಗಿ ನಿಲ್ಲುವುದು ಈ ಸಂಸ್ಥೆಯ ಕೆಲಸ. ಗೋಡೆಯ ಮೇಲೆ ದೊಡ್ಡ ಭೂಪಟವಿದೆ. ಬುದ್ಧಿಯವರು ಎಲ್ಲೆಲ್ಲಿ ಶಾಂತಿ ಮಾಡಿಸಿದ್ದಾರೋ ಅಲ್ಲಲ್ಲಿ ಹಸಿರು ಗುಂಡುಪಿನ್ನು. ವಾರಕ್ಕೊಮ್ಮೆ ಅದರ ಧೂಳು ಒರೆಸುವವಳು ನಾನು. ಗ್ರೇಟರ್ ನೋಯ್ಡಾದ ಮೇಲೆ ಪಿನ್ನು ಇಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಮ್ಮವ್ವ ಅನ್ನುತ್ತಿದ್ದಳು. ಅವಳಿಗೆ ಊರು ಅಂದರೆ ನಂಜನಗೂಡು. ಬುದ್ಧಿಯವರ ಊರು ಆಫ್ರಿಕಾವರೆಗೂ ಹಬ್ಬಿದೆ.

ಆ ಮಹಡಿಗೆಲ್ಲ ಇರುವುದು ಒಂದೇ ಕಕ್ಕಸು. ಗೆಸ್ಟುಗಳಿಗೆ ಮತ್ತು ಸ್ಟಾಫಿಗೆ ಎಂದು ಬಾಗಿಲ ಮೇಲೆ ಬರೆದಿದೆ. ನಾವು ಸ್ಟಾಫಲ್ಲ, ಹೌಸ್‌ಕೀಪಿಂಗು. ದಿನಕ್ಕೆ ನಾಲ್ಕು ಸಲ ಉಜ್ಜಬಹುದು, ಒಂದು ಸಲವೂ ಕೂರುವಂತಿಲ್ಲ. ಬುದ್ಧಿಯವರಿಗೂ ಸೀತಮ್ಮನದೇ ಕಾಯಿಲೆ. ಆದರೆ ಅವರದು ಡಯಾಬಿಟೀಸು. ಗಂಟೆಗೊಮ್ಮೆ ಎದ್ದು ಹೋಗುತ್ತಾರೆ, ಯಾರೂ ಬಾಗಿಲು ಒದೆಯುವುದಿಲ್ಲ.

ಅವತ್ತು ದಕ್ಷಿಣ ಸುಡಾನಿನಿಂದ ಅಚೋಲ್ ಎಂಬ ಹೆಂಗಸು ಬಂದಿದ್ದಳು. ಬಾಗಿಲ ಚೌಕಟ್ಟು ಮುಟ್ಟುವಷ್ಟು ಎತ್ತರ, ನನಗಿಂತ ಕಪ್ಪು. ಅವಳ ಕೆಲಸ ನೋಡಿ ಕಲಿಯಲು ಗುರುಗ್ರಾಮದ ಕಂಪನಿಗಳಿಂದ ಹತ್ತು ಹನ್ನೆರಡು ಹುಡುಗ ಹುಡುಗಿಯರೂ ಬಂದಿದ್ದರು. ನಾನು ಚಹಾ ಕೊಡುತ್ತಾ, ಅವಳು ಏನು ಹೇಳುತ್ತಿದ್ದಾಳೆ ಎಂದು ತನ್ವಿಯನ್ನು ಮೆಲ್ಲಗೆ ಕೇಳಿದೆ. ತನ್ವಿ ಆಫೀಸಿನ ಹುಡುಗಿ. ಅಪ್ಪ ಅಮ್ಮ ದಾವಣಗೆರೆಯವರು, ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿ.

"ಆಂಟಿ, ಅವರ ಊರಲ್ಲಿ ನಾ, ಎರಡು ಗಾಂವ್‌ಗಳಿಗೆ ಜಗಳ. ದನಕ್ಕೆ. ಬಂದೂಕೆಲ್ಲ ಇತ್ತು. ಇವರು ಲೇಡೀಸೆಲ್ಲ ಮಧ್ಯೆ ರೋಡಲ್ಲಿ ಕೂತ್ಕೊಂಡ್ರು. ಸೋಲ್ಜರ್ಸ್ ಎತ್ತೋಕೆ ಬಂದ್ರೆ ಬಾಡಿನ ಲೂಸ್ ಬಿಡೋದು. ಏಕ್‌ದಮ್ ಲೂಸ್. ನಾಲ್ಕು ಜನಕ್ಕೂ ಎತ್ತೋಕಾಗಲ್ಲ."

ನೆನೆದ ಅಕ್ಕಿ ಮೂಟೆಯ ಹಾಗೆ ಎಂದುಕೊಂಡೆ.

ಆಮೇಲೆ ಒಂದು ಆಟ ಶುರುವಾಯಿತು. ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಉಳಿದವರು ಸುತ್ತ ನಿಂತು ಬಾಯಿಗೆ ಬಂದಂತೆ ಬಯ್ಯಬೇಕು. ಕೂತವರು ಕದಲಬಾರದು, ತಿರುಗಿ ಮಾತಾಡಬಾರದು. ಕದಲಿದರೆ ಸೋತಂತೆ. ಶಾಂತಿಯವರಿಗೆ ಇದನ್ನೂ ಕಲಿಸಬೇಕಂತೆ. ನಮ್ಮ ಕೇರಿಯಲ್ಲಿ ಇದನ್ನು ಮಕ್ಕಳು ಹಾಲು ಬಿಡುವ ಮುಂಚೆಯೇ ಕಲಿಯುತ್ತವೆ.

ಬುದ್ಧಿಯವರು ತಾವೇ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಅನೂಪ್ ಎಂಬ ಕಂಪನಿಯ ಹುಡುಗ ಮುಂದೆ ಬಂದು, "ಸರ್, ಯು ಆರ್ ವೆರಿ ಬ್ಯಾಡ್" ಎಂದ. ಎಲ್ಲರೂ ಕಿಸಕ್ಕೆಂದರು. ಬುದ್ಧಿಯವರಿಗೆ ಬೇಸರವಾಯಿತು. ಬಯ್ಗುಳ ಹೊಟ್ಟೆಯೊಳಗಿಂದ ಬರಬೇಕು ಎಂದರು. ಆಗ ಟ್ರೇ ಹಿಡಿದಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

"ರತ್ನಮ್ಮಾ, ಬಾ ಇಲ್ಲಿ. ನೀನು ಬಯ್ಯಿ ನನ್ನ."

"ಅಯ್ಯೋ, ಬ್ಯಾಡಿ ಬುದ್ಧಿ!"

"ಎಲ್ಲರ ಮುಂದೆ ಬುದ್ಧಿ ಅನ್ನಬೇಡ, ಸರ್ ಅನ್ನು. ಏನು ಬೇಕಾದ್ರೂ ಬಯ್ಯಿ. ನಾನು ಅಲ್ಲಾಡೋದಿಲ್ಲ. ತನ್ವಿ, ನೀನು ಒಂದೊಂದೂ ಇಂಗ್ಲಿಷಲ್ಲಿ ಹೇಳಮ್ಮ ಅವರಿಗೆ."

ನನಗೆ ತಿಳಿದ ಬಯ್ಗುಳವೆಲ್ಲ ಅವರ ಮನೆಯದೇ. ಸ್ವಂತದ್ದು ಎಲ್ಲಿಂದ ತರಲಿ? ಬಾಗಿಲ ಹೊರಗೆ ಸೀತಮ್ಮ ಇನ್ನೂ ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳನ್ನು ನೋಡಿದೆ. ಟ್ರೇಯನ್ನು ಮೇಜಿನ ಮೇಲಿಟ್ಟೆ.

"ಏನ್ಲಾ ದತ್ತಾ! ಒಳಗ್ಯಾರ್ಲಾ ಕುಂತಿರೋದು? ತೆಗಿಯಲಾ ಬಾಗ್ಲ! ಕೂರಕ್ಕೆ ನಿಮ್ಮಪ್ಪ ಕಟ್ಸಿದ್ನಾ ಇದ? ಉಜ್ಜಕ್ಕೆ ಕರ್ಕಂಬಂದಿರದು ನಿನ್ನ, ಉಚ್ಚೆ ಹುಯ್ಯಕ್ಕಲ್ಲ! ಕಾಯ್ಲೆ ಇದ್ರೆ ಬಟ್ಟೆ ಕಟ್ಕಳ್ಲಾ ಬೇವರ್ಸಿ! ರೋಡ್ ದಾಟ್ಕಂಡ್ ಬಯಲ್ಗೋಗು! ಲಾರಿ ಬಂದ್ರೆ ಸಾಯಿ! ನಿನ್ನ ಲೋಟ ಬ್ಯಾರೆ, ತಟ್ಟೆ ಬ್ಯಾರೆ, ಉಚ್ಚೆನೂ ಬ್ಯಾರೆ!"

ತನ್ವಿ ಒಂದೊಂದೇ ಮಾತು ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು. ಅವಳ ದನಿ ಸಣ್ಣದಾಗುತ್ತಾ ಬಂತು. ಬುದ್ಧಿಯವರು ಮೊದಲು ಮುಗುಳ್ನಗುತ್ತಿದ್ದರು. ಲೋಟದ ಮಾತಿಗೆ ಕಣ್ಣು ಬಿಟ್ಟರು. ಅಚೋಲ್ ಏನೋ ಕೇಳಿದಳು.

"ಆಂಟಿ, ಅವರು ಕೇಳ್ತಿದಾರೆ. ಯಾವ ಬಾತ್‌ರೂಮ್ ಅಂತ."

ನಾನು ಕೈಯೆತ್ತಿ ತೋರಿಸಿದೆ. "ಅದೇ ಕನವ್ವ. ಈಗ ಈ ಅಮ್ಮಾರೂ ಹೋಗ್ಬಂದ್ರಲ್ಲ, ಅದೇಯ."

"ಮುಚ್ಚೇ ಬಾಯಿ, ಕಳ್ಳ ಮುಂಡೆ!" ಬುದ್ಧಿಯವರು ಎದ್ದ ರಭಸಕ್ಕೆ ಕುರ್ಚಿ ಬಿತ್ತು. "ಉಂಡ ಮನೆ ಜಂತೆ ಎಣಿಸ್ತೀಯಾ? ಕೊಳೆಗೇರಿಯಿಂದ ಎತ್ತಿ ತಂದು ಅನ್ನ ಹಾಕಿದ್ದಕ್ಕೆ! ಇಬ್ಬರೂ ಇವತ್ತೇ ಜಾಗ ಖಾಲಿ ಮಾಡಿ!"

ತನ್ವಿ ಅದೇ ಓಘದಲ್ಲಿ ಅದನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡಳು. ಕಂಪನಿಯ ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು. "ಸೋ ರಿಯಲ್!" ಎಂದ ಅನೂಪ್. ಅಚೋಲ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ರಘುನಂದನ್ ಗಡಬಡಿಸಿ ಊಟ ಎಂದು ಕೂಗಿದ. ಎಲ್ಲರೂ ಬಿರಿಯಾನಿಯ ಕಡೆ ತಿರುಗಿದರು. ನಾನು ಸೀತಮ್ಮನ ಕೈ ಹಿಡಿದುಕೊಂಡು ಕಕ್ಕಸಿನ ಬಾಗಿಲಿಗೆ ಹೋದೆ.

"ಹೋಗಕ್ಕ. ನೀನು ಒಳಗೋಗಿ ಚಿಲಕ ಹಾಕ್ಕೊ. ನಿಧಾನಕ್ ಬಾ."

"ಆಮ್ಯಾಕೆ ಏನೇ ಗತಿ?"

"ಕೆಲಸ ಹೆಂಗೂ ಹೋಯ್ತು. ಉಚ್ಚೆನಾದ್ರೂ ನೆಟ್ಟಗೆ ಹುಯ್ಯಿ."

ಅವಳು ಒಳಗೆ ಹೋದಳು. ಚಿಲಕ ಬಿತ್ತು. ನಾನು ಬಾಗಿಲಿಗೆ ಬೆನ್ನುಕೊಟ್ಟು ಕುಕ್ಕರಿಸಿದೆ. ಮೈ ಸಡಿಲ ಬಿಟ್ಟೆ.

ರಘುನಂದನ್ ಓಡಿ ಬಂದ. ಹಲ್ಲು ಕಡಿಯುತ್ತಾ, "ಏಳೇ, ಎದ್ದೇಳೇ" ಎಂದ. ನಾನು ಕದಲಲಿಲ್ಲ. ಅವನ ಕೈ ನನ್ನ ರಟ್ಟೆಯವರೆಗೂ ಬಂದು ಅಲ್ಲೇ ನಿಂತಿತು. ಎತ್ತಬೇಕಾದರೆ ಮುಟ್ಟಬೇಕಲ್ಲ! ಕೈ ಹಿಂದಕ್ಕೆ ಎಳೆದುಕೊಂಡು ಗಾರ್ಡಿಗೆ ಫೋನು ಮಾಡಿದ. ಗಾರ್ಡು ಮೇಲೆ ಬಂದು, ನನ್ನನ್ನೂ ಬಾಗಿಲನ್ನೂ ನೋಡಿ, ಟೋಪಿ ಸರಿಮಾಡಿಕೊಂಡ.

"ಸಾಬ್, ಹಮ್ ಭೀ ರೋಡ್ ಕೇ ಪಾರ್ ಹೀ ಜಾತೇ ಹೈಂ" ಎಂದು ಲಿಫ್ಟಿನ ಕಡೆಗೆ ನಡೆದ. ಅವನೂ ರಸ್ತೆಯಾಚೆಯ ಬಯಲಿಗೇ ಹೋಗುವವನು ಎಂಬುದು ಇಷ್ಟು ದಿನ ನನಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅಚೋಲ್ ತಟ್ಟೆಯನ್ನು ಮೇಜಿನ ಮೇಲಿಟ್ಟು ಬಂದಳು. ಉದ್ದನೆಯ ಅಂಗಿ ಒಟ್ಟುಮಾಡಿಕೊಂಡು ನನ್ನ ಪಕ್ಕ ನೆಲದ ಮೇಲೆ ಕೂತಳು, ಫಿನಾಯಿಲ್ ವಾಸನೆಯ ನನ್ನ ಕೈಯನ್ನು ತನ್ನ ಕೈಯೊಳಗೆ ಸಿಕ್ಕಿಸಿಕೊಂಡಳು. ನನಗೆ ಅಳು ಬಂತು. ಅಳಲಿಲ್ಲ.

ಗಂಟೆಗೊಮ್ಮೆ ಏಳುವ ಹೊತ್ತು ಬಂದಿತ್ತು. ದತ್ತಾತ್ರೇಯ ಬುದ್ಧಿಯವರು ಬಂದರು. ಮೊದಲು ರೇಗಿದರು. ಆಮೇಲೆ ತಗ್ಗಿದ ದನಿಯಲ್ಲಿ, "ರತ್ನಮ್ಮಾ, ನಾಳೆ ಮಾತಾಡೋಣ. ಈಗ ದಾರಿ ಬಿಡು" ಎಂದರು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಒತ್ತಿಕೊಂಡು ನಿಂತಿದ್ದರು. ಹಣೆಯ ಮೇಲೆ ಬೆವರು. ಅವರ ಹಿಂದೆ ಕಂಪನಿಯ ಹುಡುಗರು ಊಟ ಮುಗಿಸಿ ಸಾಲುಗಟ್ಟಿದ್ದರು.

ಒಳಗೆ ಸೀತಮ್ಮ ನಲ್ಲಿ ತಿರುಗಿಸಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಸರವಿಲ್ಲದೆ, ಕೈಕಾಲು ಮುಖ ಎಲ್ಲ ತೊಳೆದುಕೊಳ್ಳುತ್ತಿದ್ದಳೆಂದು ಕಾಣುತ್ತದೆ. ನೀರು ಬೀಳುತ್ತಲೇ ಇತ್ತು. ಆ ಸದ್ದಿಗೆ ಬುದ್ಧಿಯವರು ಮುಖ ಕಿವುಚಿದರು.

"ರೋಡ್ ದಾಟುದ್ರೆ ಬಯಲದೆ ಬುದ್ಧಿ" ಎಂದೆ. "ಲಾರಿ ನೋಡ್ಕಂಡೋಗಿ."