ಮಾವನ ಬೂಟುಯಂತ್ರವೂ ಅಳಿಯನ ತಪ್ಪೊಪ್ಪಿಗೆಯೂ

ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕುತ್ತಿದ್ದ ಅಳಿಯನೊಬ್ಬನಿದ್ದ. ಹಗಲೆಲ್ಲ ಅಂಟು, ದಾರ, ದಬ್ಬಳಗಳ ಸಹವಾಸ. ಸಂಜೆಯಾಯಿತೆಂದರೆ, ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ತಲೆ ಹುದುಗಿಸಿ ಕೂರುತ್ತಿದ್ದ. ತಮ್ಮ ಅಂಗಡಿಯನ್ನು ತಾವೇ ಹೊಗಳಿಕೊಂಡವರನ್ನೂ, ಚಿಕ್ಕಪ್ಪನನ್ನು ಮಹಾಕವಿಯಾಗಿಸಿದವರನ್ನೂ ಹನ್ನೊಂದು ವರ್ಷ ಹುಡುಕಿ ಹುಡುಕಿ ಅವರು ಬರೆದದ್ದನ್ನು ಅಳಿಸಿದ್ದರಿಂದ ಅಲ್ಲಿನವರು ಅವನನ್ನು ‘ಜರಡಿ’ ಎಂದು ಕರೆಯುತ್ತಿದ್ದರು. ಆ ಹೆಸರೆಂದರೆ ಅವನಿಗೆ ಪಂಚಪ್ರಾಣ.

ಹೆಂಡತಿ, ಅತ್ತೆ, ಮಾವ, ಭಾವಮೈದುನ ಎಲ್ಲರದೂ ಒಂದೇ ಮನೆ. ಮಾವ ಸೈಕಲ್ ರಿಪೇರಿಯವರು. ಮೂವತ್ತು ವರ್ಷದ ಹಿಂದೆ ಸೈಕಲ್ ಚೈನು, ಎರಡು ಬ್ರಷ್ಷು, ಒಂದು ಮೋಟಾರು ಸೇರಿಸಿ, ಕಾಲಿಟ್ಟರೆ ಬೂಟು ಪಾಲಿಶಾಗುವ ಯಂತ್ರವೊಂದನ್ನು ಕಟ್ಟಿದ್ದರು. ಅದರ ಬಗ್ಗೆ ಯಾರೋ ಪುಣ್ಯಾತ್ಮರು ವಿಶ್ವಕೋಶದಲ್ಲಿ ಮೂರು ಸಾಲು ಬರೆದದ್ದು ಕಣ್ಣಿಗೆ ಬಿದ್ದದ್ದೇ ತಡ, ಅವರು ಅಳಿಯನ ಬೆನ್ನು ಹತ್ತಿದರು.

“ಅಳಿಯಂದ್ರೇ, ಸ್ವಲ್ಪ ಕೈಯಾಡ್ಸಿ. ‘ಜಗತ್ತಿನ ಮೊಟ್ಟಮೊದಲ’ ಅಂತ ಸೇರಿಸಿದ್ರೆ ಸಾಕು. ನಾನೇನು ದೊಡ್ಡ ಆಸೆ ಇಟ್ಕೊಂಡೋನಲ್ಲ.”

“ಮಾವ, ನಮ್ಮೋರ ಬಗ್ಗೆ ನಾವೇ ಬರೀಬಾರ್ದು. ಲೇಖನದ ಚರ್ಚಾಪುಟದಲ್ಲಿ ಸಂಬಂಧ ಹೇಳ್ಕೊಂಡು, ಬೇರೆಯವ್ರಿಗೆ ‘ಸ್ವಲ್ಪ ನೋಡಿ’ ಅಂತ ಕೇಳ್ಬಹುದು, ಅಷ್ಟೇ.”

“ಕೇಳಿ ಮತ್ತೆ! ಯಾರು ಬೇಡ ಅಂದ್ರು?”

ಅಳಿಯ ಕೇಳಿದ. ಅವನು ಬರೆದದ್ದು ಹೀಗೆ: ‘ಈ ಯಂತ್ರ ಕಟ್ಟಿದವರು ನನ್ನ ಮಾವ. ಅವರ ಮಗಳನ್ನು ಮದುವೆಯಾಗಿದ್ದೇನೆ, ಅವರ ಮನೆಯಲ್ಲೇ ಊಟ ಮಾಡುತ್ತೇನೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ಯಾರೂ ಹಾಗೆಯೇ ನಂಬಬಾರದು. ಇದು ಜಗತ್ತಿನ ಮೊದಲನೆಯದೆನ್ನಲು ನನಗೆ ಆಧಾರ ಸಿಕ್ಕಿಲ್ಲ. ಯಾರಿಗಾದರೂ ಸಿಕ್ಕರೆ ದಯವಿಟ್ಟು ಸೇರಿಸಿ.’

ಮಾವ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ನೋಡೇ ನಿನ್ನ ಗಂಡನ್ನ! ನನ್ನನ್ನ ನಂಬ್ಬೇಡಿ ಅಂತ ಊರಿಗೆಲ್ಲ ಸಾರಿದಾರೆ!”

“ನಿಮ್ಮನ್ನಲ್ಲ ಮಾವ, ನನ್ನನ್ನ.”

“ಎರಡೂ ಒಂದೇ!”

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. “ರೀ, ಊಟದ ವಿಷಯ ಯಾಕ್ರೀ ಎತ್ತಿದ್ರಿ? ಹಾಗಾದ್ರೆ ಇವತ್ತು ಊಟ ಮಾಡ್ಬೇಡಿ, ನಿಮ್ಮ ಮಾತಿಗೆ ತೂಕ ಬರುತ್ತೆ.”

ಮರುದಿನ ಅಳಿಯ ಅಂಗಡಿಗೆ ಹೋದದ್ದನ್ನು ಕಾದು, ಮನೆಯ ನಾಲ್ವರೂ ವಿಶ್ವಕೋಶದಲ್ಲಿ ಖಾತೆ ತೆರೆದರು. ಮಾವ ‘ಸತ್ಯವಾದಿ’ಯಾದರು, ಅತ್ತೆ ‘ದಾರಿಹೋಕ’ರಾದರು, ಕ್ಷೌರದಂಗಡಿಯ ಭಾವಮೈದುನ ‘ನಿಷ್ಪಕ್ಷಪಾತಿ’ಯಾದ, ಹೆಂಡತಿ ‘ಹೊರಗಿನವಳು’ ಆದಳು. ಮಧ್ಯಾಹ್ನದೊಳಗೆ ಯಂತ್ರವು ಜಗತ್ತಿನ ಮೊದಲನೆಯದೂ, ಅತಿ ವೇಗದ್ದೂ, ವಿಜ್ಞಾನಿಗಳು ಬೆರಗಾದದ್ದೂ ಆಗಿಬಿಟ್ಟಿತು.

ವಿಶ್ವಕೋಶದ ಮೇಲ್ವಿಚಾರಕರು ನೋಡುತ್ತಾರೆ: ನಾಲ್ಕೂ ಖಾತೆಗಳು ಜರಡಿಯ ಇಂಟರ್ನೆಟ್ ಸಂಪರ್ಕದಿಂದಲೇ ಹೊರಟಿವೆ! ಜರಡಿಯೇ ನಾಲ್ಕು ಮುಖವಾಡ ಹಾಕಿಕೊಂಡು ಮಾವನನ್ನು ಹೊಗಳುತ್ತಿರುವಂತಿದೆ, ನಾಳೆ ಸಂಜೆಯೊಳಗೆ ಉತ್ತರ ಬಾರದಿದ್ದರೆ ಅವನ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗುವುದು ಎಂದು ನೋಟಿಸು ಬಂತು.

ಅಳಿಯ ಕುರ್ಚಿಯಲ್ಲಿ ಕುಸಿದ. “ಹನ್ನೊಂದು ವರ್ಷ! ನಾನಲ್ಲ ಅಂದ್ರೆ ಈಗ ಯಾರು ನಂಬ್ತಾರೆ? ನಂಬ್ಬೇಡಿ ಅಂತ ನಾನೇ ಬರ್ದು ಕೊಟ್ಟಿದ್ದೀನಿ!”

“ಅಳಬೇಡಿ ಭಾವ,” ಎಂದ ಭಾವಮೈದುನ. “ನಾವೇ ಹೋಗಿ ನಿಜ ಹೇಳ್ತೀವಿ. ಅದೇನು ಮಹಾ?”

ವಿಚಾರಣೆಯ ಪುಟದಲ್ಲಿ ಮೊದಲು ಮಾವ ಬರೆದರು: ‘ನಾನು ಮಾವ. ಯಂತ್ರವನ್ನು ನಾನೊಬ್ಬನೇ ಕಟ್ಟಿದ್ದು.’

ಅದರ ಕೆಳಗೆ ಅತ್ತೆ: ‘ಒಬ್ಬರೇ ಅಂತೆ! ಆ ಮೋಟಾರು ನನ್ನ ಹೊಲಿಗೆಯಂತ್ರದ್ದು. ಒಂದು ಮಾತು ಕೇಳದೆ ಬಿಚ್ಚಿಕೊಂಡು ಹೋದರು.’

ಭಾವಮೈದುನ: ‘ಪರೀಕ್ಷೆಗೆ ನನ್ನ ಕಾಲನ್ನೇ ಇಡಿಸಿದರು. ಕಾಲುಚೀಲ ಇವತ್ತಿಗೂ ಸಿಕ್ಕಿಲ್ಲ.’

ಮಾವ: ‘ಕಾಲು ಅಲ್ಲಾಡಿಸಬೇಡವೆಂದು ಹೇಳಿದ್ದೆ.’

ಹೆಂಡತಿ: ‘ಅಪ್ಪಾ, ಇದು ಮನೆಯಲ್ಲ, ವಿಚಾರಣೆ.’

ಅತ್ತೆ: ‘ಬಂದಳು ಅಪ್ಪನ ಮಗಳು.’

ನಾಲ್ವರೂ ಒಂದೇ ಸೋಫಾದ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಬಾಯಲ್ಲಿ ಪಿಟ್ಟೆಂದು ಮಾತಿಲ್ಲ, ಬೆರಳುಗಳ ಟಕಟಕ ಮಾತ್ರ. ಅಂದು ಬಿದ್ದ ಉತ್ತರಗಳು ನಲವತ್ತೆರಡೆಂದು ಕೆಲವರು ಹೇಳುತ್ತಾರೆ, ಐವತ್ತು ದಾಟಿತ್ತೆಂದು ಇನ್ನು ಕೆಲವರು. ಅಳಿಯ ಮಾತ್ರ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದ.

ಮರುದಿನ ಸಂಜೆ ತೀರ್ಪು ಬಂತು: ‘ಎಲ್ಲವನ್ನೂ ಓದಿದೆವು. ಮನುಷ್ಯ ಎಷ್ಟೇ ಕಿಲಾಡಿಯಾಗಿದ್ದರೂ ತನ್ನೊಡನೆ ತಾನು ಇಷ್ಟು ಜಗಳವಾಡಲಾರ. ಇದು ಸಂಸಾರವೇ ಸರಿ. ಜರಡಿ ನಿರ್ದೋಷಿ. ಆದರೆ ಈ ಮನೆಯವರು ಯಾರೂ ಆ ಲೇಖನವನ್ನು ಮುಟ್ಟಕೂಡದು, ಮುಟ್ಟಿದರೆ ಐವರ ಖಾತೆಯೂ ಬಂದ್.’ ಹೊಗಳಿಕೆಯನ್ನೆಲ್ಲ ಅಳಿಸಿ, ಹಳೆಯ ಪತ್ರಿಕೆಯೊಂದರ ಆಧಾರದಿಂದ ಅವರೇ ಒಂದು ಸಾಲು ಸೇರಿಸಿದ್ದರು: ‘ಮೊದಲ ಪ್ರದರ್ಶನದಲ್ಲಿ ನಗರಸಭಾಧ್ಯಕ್ಷರ ಎಡಗಾಲಿನ ಬೂಟು ಯಂತ್ರದೊಳಗೆ ಹೋದದ್ದು ಹೊರಗೆ ಬರಲಿಲ್ಲ.’

ಅದನ್ನೋದಿದ ಮಾವ ಸ್ಕ್ರೂಡ್ರೈವರ್ ಹಿಡಿದು, ಯಂತ್ರ ಬಿದ್ದಿದ್ದ ಅಟ್ಟ ಹತ್ತಿದರು. ಇಳಿದು ಬಂದಾಗ ಕೈಯಲ್ಲಿ ಒಂದು ಬೂಟಿತ್ತು, ಮುಖ ಕಾಣುವಷ್ಟು ಹೊಳೆಯುತ್ತಿತ್ತು.

“ನೋಡಿ ಅಳಿಯಂದ್ರೇ, ಬಲಗಾಲಿಂದು! ಪೇಪರ್‌ನೋರು ತಪ್ಪು ಬರ್ದಿದಾರೆ. ಹೊಗಳಿ ಅಂತ ಕೇಳ್ತಿಲ್ಲ. ಎಡ ತೆಗ್ದು ಬಲ ಮಾಡಿ, ಒಂದೇ ಒಂದು ಪದ.”

ಅಳಿಯ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ. ಬಲಗಾಲಿನದೇ, ಸಂಶಯವಿಲ್ಲ. ಲೇಖನ ತೆರೆದು ‘ಎಡಗಾಲಿನ’ ಎಂಬ ಪದದವರೆಗೂ ಹೋದ.

“ಇದು ನಾವ್ ಕಂಡಿದ್ದು ಮಾವ, ಅಚ್ಚಾಗಿದ್ದಲ್ಲ. ಅಲ್ಲಿ ಅಚ್ಚಾಗಿದ್ದೇ ಆಧಾರ,” ಎಂದು ಕಂಪ್ಯೂಟರ್ ಮುಚ್ಚಿದ.

ವಿಶ್ವಕೋಶದಲ್ಲಿ ಅದು ಎಡಗಾಲಾಗಿಯೇ ಉಳಿಯಿತು. ಮಾವ ಮೂರು ದಿನ ಅಳಿಯನೊಡನೆ ಮಾತು ಬಿಟ್ಟರು.