ತೆರೆದು ನೋಡದ ಬ್ಯಾಕಪ್

ಬ್ಯಾಕಪ್ಪಿನಲ್ಲಿದ್ದ ಡೇಟಾಬೇಸುಗಳನ್ನು ಅವಳು ಪರದೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಎಣಿಸಿದಳು. ಹೊರರೋಗಿ, ಒಳರೋಗಿ, ಪ್ರಯೋಗಾಲಯ, ಔಷಧ. ನಾಲ್ಕೇ. ಐದನೆಯದು, ಡಯಾಲಿಸಿಸ್ ವಿಭಾಗದ್ದು, ಇರಲೇ ಇಲ್ಲ. ಗಂಟೆ ಹತ್ತು ದಾಟಿತ್ತು, ಹನ್ನೊಂದಕ್ಕೆ ಸಭೆ.

ಆಸ್ಪತ್ರೆಯಲ್ಲಿ ಅವಳು ಎಲ್ಲರಿಗೂ ದಾಖಲೆ ಅಕ್ಕ. ತಲೆ ನರೆತ ಸೂಪರಿಂಟೆಂಡೆಂಟರೂ ಹಾಗೇ ಕರೆಯುತ್ತಿದ್ದರು. ಒಂಬತ್ತು ವರ್ಷದಿಂದ ರೋಗಿಗಳ ಡೇಟಾಬೇಸುಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಬ್ಯಾಕಪ್ ತೆಗೆಯಲು ಡೇಟಾಬೇಸಿನ ಜೊತೆಗೇ ಬಂದ ತಂತ್ರಾಂಶ ಸಲಕರಣೆ ಧಾರಾಳವಾಯಿತು, ಹೊರಗಿನವರದು ಯಾಕೆ ಎಂಬುದು ಅವಳ ಹಟ. ಬೆಳಿಗ್ಗೆ ಬಂದವಳೇ ‘ಬ್ಯಾಕಪ್ ಯಶಸ್ವಿ’ ಎಂಬ ಸಾಲು ನೋಡಿ ನೀಲಿ ರಟ್ಟಿನ ಪುಸ್ತಕದಲ್ಲಿ ಸರಿ ಗುರುತು ಹಾಕುವಳು. ಚಿಲಕ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವ ಅತ್ತೆಯನ್ನು ಮನೆಯಲ್ಲಿ ಗೇಲಿ ಮಾಡುತ್ತಿದ್ದವಳು, ಇಲ್ಲಿ ಒಂದು ಸಲವೂ ಎಳೆದು ನೋಡಿರಲಿಲ್ಲ.

ಹೊರಗಿನ ಕಂಪನಿಯವನೊಬ್ಬ ತನ್ನ ಬ್ಯಾಕಪ್ ತಂತ್ರಾಂಶ ಕೊಳ್ಳಿ ಎಂದು ತಿಂಗಳಿಂದ ದುಂಬಾಲು ಬಿದ್ದಿದ್ದ. ಕೊಳ್ಳಬೇಕೋ ಬೇಡವೋ ಎಂದು ಇಂದಿನ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ನಿನ್ನೆ ಅವನು ಬಲು ವಿನಯದಿಂದ, ಬ್ಯಾಕಪ್ಪಿನಿಂದ ದಾಖಲೆಗಳನ್ನು ಕೊನೆಯ ಸಲ ವಾಪಸ್ ತಂದು ನೋಡಿದ್ದು ಯಾವಾಗ ಎಂದು ಕೇಳಿದ. ಅವಳು ನಕ್ಕು ಮಾತು ತೇಲಿಸಿದಳು. ಆದರೆ ಆ ಪ್ರಶ್ನೆ ಕಾಲಿಗೆ ಹೊಕ್ಕ ಮುಳ್ಳಾಯಿತು. ಅದಕ್ಕೇ ಇಂದು ಬೇಗ ಬಂದು, ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಬ್ಯಾಕಪ್ಪನ್ನು ತೆರೆದಿದ್ದಳು.

ತಪ್ಪು ಎಲ್ಲಿ ಎಂದು ಹುಡುಕಬೇಕಾಗಿರಲಿಲ್ಲ. ಯಾವ ಯಾವ ಡೇಟಾಬೇಸಿನ ನಕಲು ತೆಗೆಯಬೇಕೆಂದು ಪಟ್ಟಿ ಬರೆದವಳು ಅವಳೇ. ನಾಲ್ಕು ವರ್ಷದ ಹಿಂದೆ ಡಯಾಲಿಸಿಸ್ ವಿಭಾಗಕ್ಕೆ ಹೊಸದು ಮಾಡಿಕೊಟ್ಟಾಗ, ಹೆಸರನ್ನು ನಾಳೆ ಸೇರಿಸಿದರಾಯಿತು ಅಂದುಕೊಂಡಿದ್ದಳು. ಆ ನಾಳೆ ಬರಲೇ ಇಲ್ಲ. ಸಲಕರಣೆ ಹೇಳಿದಷ್ಟನ್ನು ಮಾಡಿ, ದಿನವೂ ‘ಯಶಸ್ವಿ’ ಎಂದು ಪ್ರಾಮಾಣಿಕವಾಗಿಯೇ ಹೇಳಿತ್ತು. ನೂರ ಅರವತ್ತಮೂರು ರೋಗಿಗಳ ಮೈಯಿಂದ ಎಷ್ಟೆಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧ ಒಗ್ಗದು ಎಂಬುದೆಲ್ಲ ನಾಲ್ಕು ವರ್ಷ ಒಂದೇ ಡಿಸ್ಕಿನಲ್ಲಿ, ದೇವರ ಮೇಲೆ ಭಾರ ಹಾಕಿ ಕೂತಿತ್ತು.

ಹೆಸರು ಸೇರಿಸಿ ಬ್ಯಾಕಪ್ ಶುರುಮಾಡಿದಳು. ಶೇಕಡ ನಾಲ್ಕು. ಈಗಲೇ ಡಿಸ್ಕು ಕೆಟ್ಟರೆ? ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಡಯಾಲಿಸಿಸ್ ವಿಭಾಗದ ನರ್ಸ್.

“ಅಕ್ಕಾ, ಕಂಪ್ಯೂಟರ್ ಯಾಕೋ ನಿಧಾನ ಆಗಿದೆ. ಏನಾದ್ರೂ ತೊಂದ್ರೆನಾ?”

“ಇಲ್ಲಮ್ಮ, ಸ್ವಲ್ಪ ಹೊತ್ತು,” ಎಂದಳು.

ಬ್ಯಾಕಪ್ ಮುಗಿಯುವಾಗ ಹನ್ನೊಂದಕ್ಕೆ ಐದು ನಿಮಿಷ. ಆಗಲೇ ಆ ಯೋಚನೆ ಬಂತು. ಹಳೆಯ ಸಲಕರಣೆ ಕೈಕೊಟ್ಟಿತು, ಹೊಸದು ಕೊಳ್ಳೋಣ ಎಂದರೆ ಮುಗಿಯಿತು. ಮಾರುವವನು ಬೇಡವೆನ್ನುತ್ತಾನೆಯೇ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನೀಲಿ ಪುಸ್ತಕ ಹಿಡಿದು ಸಭೆಗೆ ಮೆಟ್ಟಿಲು ಹತ್ತುತ್ತ ಅದೇ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡಳು. ಎರಡು ಸಲವೂ ಚೆನ್ನಾಗಿಯೇ ಕೇಳಿಸಿತು.

ಕಂಪನಿಯವನು ಆಗಲೇ ಬಂದು ಕೂತಿದ್ದ. ಸೂಪರಿಂಟೆಂಡೆಂಟರು ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡಿದ್ದರು.

“ಹೇಳಿ ದಾಖಲೆ ಅಕ್ಕ, ನಮ್ಮದೋ ಇವರದೋ? ನೀವು ಹೇಳಿದ್ದಕ್ಕೇ ನನ್ನ ಸಹಿ.”

ಆ ನಂಬಿಕೆಯೇ ಅವಳ ಲೆಕ್ಕಾಚಾರ ಕೆಡಿಸಿತು. ಜೋಡಿಸಿಟ್ಟ ಮಾತು ಬಾಯಿಗೆ ಬರಲಿಲ್ಲ. “ಡಯಾಲಿಸಿಸ್ಸಿನವರದ್ದು ನಾಲ್ಕು ವರ್ಷದಿಂದ ಬ್ಯಾಕಪ್ ಆಗಿರಲಿಲ್ಲ ಸರ್, ಇವತ್ತೇ ಮೊದಲು ತೆಗೆದದ್ದು. ಸಲಕರಣೆ ತಪ್ಪಲ್ಲ. ನಾನು ಹೆಸರು ಸೇರಿಸಿರಲಿಲ್ಲ.”

ಅವಳು ಕಂಪನಿಯವನ ಕಡೆ ತಿರುಗಿ, ನಿಮ್ಮದಾಗಿದ್ದರೆ ಇದು ತಪ್ಪುತ್ತಿತ್ತೇ ಎಂದು ಕೇಳಿದಳು. ಹೊಸ ಡೇಟಾಬೇಸ್ ತಾನಾಗಿಯೇ ಸೇರುತ್ತದೆ, ಆದರೆ ತೆರೆದು ನೋಡುವುದು ಮಾತ್ರ ಯಾರಾದರೂ ಮಾಡಲೇಬೇಕು ಎಂದು ಅವನು ತಗ್ಗಿದ ದನಿಯಲ್ಲಿ ಒಪ್ಪಿಕೊಂಡ.

“ಹಾಗಾದ್ರೆ ಇವರದೇ ಇರಲಿ ಸರ್,” ಎಂದಳು.

ಸೂಪರಿಂಟೆಂಡೆಂಟರು ಸಹಿ ಹಾಕಿದರು. ಆಮೇಲೆ ನೀಲಿ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು, ಸರಿ ಗುರುತುಗಳ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. “ಇದು ನನ್ನ ಹತ್ರ ಇರಲಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಬಾಗಿಲವರೆಗೆ ಬಂದಾಗ ಹಿಂದಿನಿಂದ ಕೇಳಿದರು: “ಇವತ್ತಿಂದು ತೆರೆದು ನೋಡಿದ್ರಾ?”

ನೋಡಿರಲಿಲ್ಲ.

ಕೆಳಗೆ ಬಂದು ಇಂದಿನ ಬ್ಯಾಕಪ್ಪನ್ನು ಹಳೆಯ ಕಂಪ್ಯೂಟರಿಗೆ ಏರಿಸಿದಳು. ಅದು ಏದುಸಿರು ಬಿಡುತ್ತ ಅರ್ಧ ಗಂಟೆ ತೆಗೆದುಕೊಂಡಿತು. ಹೆಸರುಗಳು ಒಂದೊಂದಾಗಿ ಮೂಡಿದವು. ಅವಳು ಡಯಾಲಿಸಿಸ್ ವಿಭಾಗದ ನರ್ಸಿಗೆ ಫೋನು ಮಾಡಿದಳು.

“ಮೂರನೇ ಮಂಚದವರ ತೂಕ ನಿಮ್ಮ ಕಂಪ್ಯೂಟರಲ್ಲಿ ಎಷ್ಟು ಅಂತಿದೆ, ಓದಮ್ಮ.”

“ಐವತ್ತೆರಡೂವರೆ, ಅಕ್ಕ.”

ಪರದೆಯ ಮೇಲೂ ಐವತ್ತೆರಡೂವರೆ. ಅಭ್ಯಾಸಬಲದಿಂದ ಕೈ ಪುಸ್ತಕವಿರುತ್ತಿದ್ದ ಜಾಗಕ್ಕೆ ಹೋಗಿ, ಬರಿ ಮೇಜನ್ನು ಮುಟ್ಟಿ, ಹಿಂದಕ್ಕೆ ಬಂತು.

“ನಾಲ್ಕನೇ ಮಂಚದವರದು ಓದು,” ಎಂದಳು.