ಹಿಂದಿನ ಬೀದಿಯ ಮಷಿನ್

ಬೆಳಿಗ್ಗೆ ಎಂಟಕ್ಕೆಲ್ಲ ಬಚ್ಚಲಿನಲ್ಲಿ ಎರಡನೇ ಬಕೆಟ್ ತುಂಬಿರುತ್ತಿತ್ತು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮಾವನ ಹಾಸಿಗೆಯ ಬಟ್ಟೆಗಳನ್ನು ತಿಕ್ಕುತ್ತಿದ್ದರೆ, ಗಂಡ ಕನ್ನಡಿಯ ಮುಂದೆ ನಿಂತು ಶೋರೂಮಿನ ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನು ಫ್ರಿಜ್, ವಾಷಿಂಗ್ ಮಷಿನ್ ಮಾರುವವನು. ಮಾತು ಮಾತಿಗೂ "ವಾರಂಟಿ ಇದೆ ಸಾರ್" ಅನ್ನುತ್ತಿದ್ದುದರಿಂದ ಬೀದಿಯವರಿಗೆಲ್ಲ ಅವನು ವಾರಂಟಿಯೇ ಆಗಿಹೋಗಿದ್ದ. ಆದರೆ ದೀಪದ ಬುಡದಲ್ಲಿ ಕತ್ತಲೆ ನೋಡಿ, ಊರಿಗೆಲ್ಲ ಮಷಿನ್ ಮಾರುವವನ ಮನೆಯಲ್ಲೇ ಒಂದು ಮಷಿನ್ ಇರಲಿಲ್ಲ.

"ಹಿಂದಿನ ಬೀದಿ ಮೆಕ್ಯಾನಿಕ್ ಹತ್ರ ಒಂದು ಮಷಿನ್ ಬಂದಿದೆ ಕಣ್ರೀ," ಅಂದಳು ಅವಳು ಬಚ್ಚಲಿನಿಂದಲೇ. "ಹಳೇದು, ಆದ್ರೆ ಮೋಟಾರು, ಬೆಲ್ಟು ಎಲ್ಲ ಹೊಸದಾಗಿ ಹಾಕಿದ್ದಾನಂತೆ. ಆರು ತಿಂಗಳು ಏನೇ ಆದ್ರೂ ಅವನೇ ನೋಡ್ಕೋತಾನಂತೆ."

"ಆಮೇಲೆ ಕೈಕೊಟ್ರೆ ಯಾರನ್ನ ಕೇಳ್ತೀಯ? ಅಂಥವು ಎಷ್ಟು ನೋಡಿಲ್ಲ ನಾನು! ಸ್ವಲ್ಪ ತಡ್ಕೋ. ವರ್ಷದ ಕೊನೇಲಿ ನಮಗೆ ರಿಯಾಯಿತಿ ಕೊಡ್ತಾರೆ, ಹೊಸದೇ ತರ್ತೀನಿ."

"ಹೋದ ವರ್ಷಾನೂ ಹೀಗೇ ಅಂದ್ರಿ."

"ಇನ್ನೊಬ್ರು ಬಳಸಿದ್ದು ಬೇಡ ಅಂತ ದಿನವೆಲ್ಲ ಜನಕ್ಕೆ ಹೇಳಿ, ನಾನೇ ಹಳೇದು ಹೊತ್ಕೊಂಡು ಬಂದ್ರೆ ನಗಲ್ವೇನೇ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ಮಾನ ನಿಮ್ಮದು, ಬೆನ್ನು ನಂದು," ಎಂದು ಅವಳು ಬಕೆಟ್ಟಿನ ನೀರು ಚೆಲ್ಲಿದಳು.

ಅವನು ನಕ್ಕು ಬೂಟು ಹಾಕಿಕೊಂಡ. ಕೆಟ್ಟವನೇನಲ್ಲ. ನಾಳೆ ಅನ್ನುವುದನ್ನು ಸ್ವಲ್ಪ ಹೆಚ್ಚಾಗಿಯೇ ನಂಬುವವನು, ಅಷ್ಟೇ.

ಅವನ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಕಿಟಕಿ ಪಕ್ಕದ ಮಂಚವೇ ಅವರ ಪ್ರಪಂಚವಾಗಿತ್ತು. ಡೈಪರ್ ಹಾಕಿದರೆ ಮೈ ಹುಣ್ಣಾಗುತ್ತಿದ್ದುದರಿಂದ ಬಟ್ಟೆ ಬದಲಿಸುವುದೊಂದೇ ದಾರಿ. ಹಾಸಿಗೆ ಒದ್ದೆಯಾದರೂ ಅವರು ಯಾರನ್ನೂ ಕರೆಯುತ್ತಿರಲಿಲ್ಲ. ಸೊಸೆ ತಾನಾಗಿ ಬಂದು ನೋಡುವವರೆಗೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಈಚೆಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟರು ಗದರಿದ್ದರು. ನೀರು ಏನೇನೂ ಸಾಲುತ್ತಿಲ್ಲ, ಹೀಗೇ ಆದರೆ ಕಿಡ್ನಿ ಉಳಿಯುವುದಿಲ್ಲ ಅಂದಿದ್ದರು. ಸೊಸೆಗೆ ಅದು ಅರ್ಥವೇ ಆಗಲಿಲ್ಲ. ಅವಳು ತುಂಬಿಟ್ಟ ಜಗ್ಗು ದಿನವೂ ಸಂಜೆಗೆ ಖಾಲಿಯಾಗಿರುತ್ತಿತ್ತು.

ಅದೊಂದು ದಿನ ವಾರಂಟಿಗೆ ವಾರದ ರಜೆ. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಹೆಂಡತಿ, ಗಿರಾಕಿಗಳಿಗೆ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ಅಪ್ಪನಿಗೆ ಮಾತ್ರೆ ಕೊಡೋಣವೆಂದು ಅವನು ಒಳಗೆ ಹೋದರೆ, ಅಪ್ಪ ಎಡಗೈಯಲ್ಲಿ ಜಗ್ಗು ಹಿಡಿದು, ಕಿಟಕಿಯ ಸರಳುಗಳ ನಡುವೆ ನೀರನ್ನು ಹೊರಗೆ ಸುರಿಯುತ್ತಿದ್ದರು.

"ಏನಪ್ಪಾ ಇದು! ಡಾಕ್ಟರು ಅಷ್ಟು ಹೇಳಿದ್ರೂ..."

ಅಪ್ಪ ಜಗ್ಗನ್ನು ಮಂಚದ ಪಕ್ಕಕ್ಕಿಟ್ಟರು.

"ಕುಡಿದ್ರೆ ಹೋಗುತ್ತಲ್ಲೋ," ಅಂದರು ಆಮೇಲೆ, ತೊದಲುತ್ತಾ. "ಹೋದ್ರೆ ಆ ಹುಡುಗಿ ಒಗೀಬೇಕು. ಮೊನ್ನೆ ಇಲ್ಲೇ ಕೂತು ಹೊಲೀತಿದ್ಳು. ರೇಷ್ಮೆ ಬಟ್ಟೆ ಅವಳ ಬೆರಳಿಗೆ ಸಿಕ್ಕಿ ಎಳೆ ಎಳೆ ಬರ್ತಿತ್ತು. ಕೈ ಅಷ್ಟು ಒಡೆದಿದೆ. ನೋಡಿದ್ದೀಯಾ ನೀನು?"

ಅವನು ನೋಡಿರಲಿಲ್ಲ.

"ನೀನು ಹೊಸ ಮಷಿನ್ ತರೋವರೆಗೆ ಹೀಗೇ ತಳ್ತೀನಿ ಬಿಡು. ಅವಳಿಗೆ ಹೇಳ್ಬೇಡ."

ವಾರಂಟಿ ಮಂಚದ ಕಾಲ ಬಳಿ ಕೂತ. ತಾನು ಮಾನ ಮಾನ ಅಂದು ಹಳೇ ಮಷಿನ್ ಬೇಡವೆಂದದ್ದಕ್ಕೆ ಅಪ್ಪ ಬಾಯಾರಿಕೊಂಡು ಮಲಗಿದ್ದರು ಅನ್ನುವುದು ಅವನಿಗೆ ಆಗ ತಿಳಿಯಿತು. ಆ ದಿನದ ಬಟ್ಟೆಗಳನ್ನು ಅವನೇ ಒಗೆದ. ಎರಡನೆಯದನ್ನು ಹಿಂಡುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಹೆಂಡತಿ ಬಂದ ಮೇಲೆ ಎಲ್ಲ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಬೀದಿಗೆ ನಡೆದ.

ಮಾರುವವನು ಕೊಳ್ಳಲು ಹೋದರೆ ಕೇಳಬೇಕೆ! ಮಷಿನ್ನನ್ನು ಖಾಲಿ ಓಡಿಸಿದ, ಒದ್ದೆ ಕಂಬಳಿ ಹಾಕಿ ಓಡಿಸಿದ, ಅದು ಗಿರಗಿರ ತಿರುಗುವಾಗ ಮೇಲೆ ಕೈಯಿಟ್ಟು ನೋಡಿದ, ಪೈಪಿನ ಬುಡ ತಡವಿದ. ಪಕ್ಕಕ್ಕೊಂದು ಉದ್ದನೆಯ ಗೀರು ಇತ್ತೇ ಹೊರತು ಬೇರೆ ಐಬು ಸಿಗಲಿಲ್ಲ.

ಮೆಕ್ಯಾನಿಕ್‌ಗೆ ನಗು. "ಶೋರೂಮಿನೋರು ನಮ್ಮ ಅಂಗಡಿಗೆ! ಯಾರ ಕಣ್ಣಿಗೂ ಬೀಳದ ಹಾಗೆ ಟಾರ್ಪಾಲ್ ಹೊದಿಸಿ ಕಳಿಸ್ಲಾ?"

"ಬೇಡ, ಹಾಗೇ ಹಾಕಿ."

ಲಗೇಜ್ ಆಟೋದಲ್ಲಿ ಮಷಿನ್ನಿನ ಪಕ್ಕದಲ್ಲೇ ಕೂತು ಅವನು ಬೀದಿಗೆ ಬಂದ. ಎದುರುಮನೆಯಾಕೆ ಬಾಗಿಲಿಗೇ ಬಂದರು.

"ಏನು ವಾರಂಟಿ, ಹೊಸದಾ?"

"ಇಲ್ಲ ಅಕ್ಕಾ, ಹಳೇದು. ರಿಪೇರಿ ಮಾಡಿದ್ದು. ಚೆನ್ನಾಗಿದೆ."

ಆಕಾಶವೇನೂ ಕಳಚಿ ಬೀಳಲಿಲ್ಲ. "ಹೌದಾ? ನಮಗೂ ಒಂದು ನೋಡಪ್ಪಾ," ಅಂದು ಆಕೆ ಒಳಗೆ ಹೋದರು.

ಹೆಂಡತಿ ಲೋಟದ ತುಂಬ ನೀರು ತಂದು ಮಾವನ ಕೈಗೆ ಕೊಟ್ಟು, ಎದುರಿಗೇ ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಜೋರಿತ್ತು. "ನನ್ನ ಕೈ ನೋಡ್ಕೊಳ್ಳೋಕೆ ಮಷಿನ್ ಬಂತು ಮಾವ. ನಿಮ್ಮ ಕಿಡ್ನಿ ನೋಡ್ಕೊಳ್ಳೋಕೆ ಯಾರು ಬರ್ತಾರೆ? ಕುಡೀರಿ."

ಅವರು ಮಗುವಿನಂತೆ ಕುಡಿದು ಮುಗಿಸಿದರು.

ಮರುದಿನ ಸಂಜೆ ವಾರಂಟಿ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದ. ಒಳಗಿನಿಂದ ಕೂಗು ಕೇಳಿತು. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವಂಥ ದನಿ.

"ಯಾರಿದ್ದೀರ್ರೋ ಅಲ್ಲಿ? ಹಾಸಿಗೆ ಒದ್ದೆಯಾಗಿದೆ, ಬನ್ನಿ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವಳು ಹೊಲಿಗೆ ಬಿಟ್ಟು ಏಳಹೋದಳು.

"ನೀನು ಕೂತ್ಕೋ," ಅಂದ ಅವನು. ಇನ್ನೊಂದು ಕಾಲಿನ ಬೂಟು ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ, "ಬಂದೆ ಅಪ್ಪಾ!" ಎನ್ನುತ್ತ ಒಳಗೆ ಓಡಿದ.